ಎದುರ ಪಾರ್ಟಿ

೬ ಜನವರಿ, ಸೋಮವಾರ

ಬೆಳಿಗ್ಗೆ ರಿಯಾಜ್ ಮಾಡಿದೆ ಅನ್ನಬೇಕು, ಅಷ್ಟೇ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ವಿಜಿ ಜ್ಯೇಷ್ಠಮಧು ತಂದುಕೊಟ್ಟಳು. ಹೆಂಡತಿ ಆದಮೇಲೆ ಬರೀ ಔಷಧ ಕೊಟ್ಟು ಹೋಗುತ್ತಾಳೆಯೇ... "ಐವತ್ತೆರಡಾತು. ಇನ್ನೂ ಗಂಡಸ ದೊಡ್ಡಾವ, ಗಂಡಸ ದೊಡ್ಡಾವ ಅಂತ ಒದರಾಕತ್ತೀರಿ. ಆ ದೊಡ್ಡ ಗಂಡಸಗ ಎರಡ ಕೊಡ ನೀರ ತುಂಬಾಕ ಹೇಳ್ರಿ." ತುಂಬಿಟ್ಟೆ. ಆಮೇಲೆ ಶಾಲೆ.

ತುಮಕೂರು ಕಡೆಯಿಂದ ಹೊಸದಾಗಿ ಬಂದ ಮೇಡಂ ಕೇಳಿದರು: "ಸರ್, ನೀವು ಹಾಡ್ತೀರಂತಲ್ಲ, ಹಾಡಕಿ... ಅದು ಡಿಬೇಟ್ ಥರಾನಾ?" ಹೌದು, ಡಿಬೇಟ್. ದಪ್ಪು ಬಾರಿಸಿಕೊಂಡು ಮಾಡುವ ಡಿಬೇಟ್. ಎರಡು ಪಾರ್ಟಿ. ನಾವು ಹರದೇಶಿ — ಶಿವ ದೊಡ್ಡವನು, ಗಂಡು ದೊಡ್ಡವನು ಅನ್ನುವವರು. ಎದುರಿಗೆ ನಾಗೇಶಿ — ಶಕ್ತಿ ದೊಡ್ಡವಳು, ಹೆಣ್ಣು ದೊಡ್ಡವಳು. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬರದಿದ್ದರೆ ದಪ್ಪು ಬೋರಲು ಹಾಕಿ ಕೂಡಬೇಕು. ಕಡೆ ಬದಲಿಸುವ ಹಾಗಿಲ್ಲ. ಗುರು ಯಾವ ಕಡೆಯೋ ಶಿಷ್ಯನೂ ಅದೇ ಕಡೆ, ಸಾಯುವ ತನಕ. ಇಷ್ಟೆಲ್ಲ ಹೇಳಿದ ಮೇಲೆ ಮೇಡಂ, "ಹಾಗಾದ್ರೆ ನೀವು ಹೆಂಗಸರ ವಿರೋಧೀನಾ ಸರ್?" ಅಂದರು. ತಲೆ ಕೆಟ್ಟಿತು. ಮನೆಗೆ ಬಂದು ವಿಜಿಗೆ ಹೇಳಿದೆ. ಅವಳ ನಗು ಇನ್ನೂ ನಿಂತಿಲ್ಲ.

ಹೂವಿನ ಹಿಪ್ಪರಗಿಯವರು ಹಾಡಕಿಗೆ ಕರೆದು ವೀಳ್ಯ ಕೊಟ್ಟುಹೋದರು. ಸಮುದಾಯ ಭವನದ ಉದ್ಘಾಟನೆ. ಫೆಬ್ರವರಿ ಎರಡು, ಮಧ್ಯಾಹ್ನ. ಎದುರ ಪಾರ್ಟಿ ಸುವರ್ಣಾ. ಮತ್ತೆ ಯಾರಿರುತ್ತಾರೆ!

೧೨ ಜನವರಿ, ರವಿವಾರ

ಸಿಂದಗಿಯಿಂದ ಜಾಹಿದ ಬಂದಿದ್ದ. ವಾರವೆಲ್ಲ ಮೋಟಾರ್ ಸೈಕಲ್ ರಿಪೇರಿ, ರವಿವಾರ ನನ್ನ ಪಾರ್ಟಿಯ ದಪ್ಪು. ಹೊಲಕ್ಕೆ ಹೋಗಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಂದೆವು. ಬೆಂಕಿಯ ಪಕ್ಕದಲ್ಲೇ ಅವನಿಗೆ ಹೇಳಿದೆ — ಸಿಕ್ಕಿತು ಅಂತ.

"ಏನ್ ಸಿಕ್ತ್ರಿ?"

"ಗೂಟಕ್ಕ ಜವಾಬ."

ಬಾಯಲ್ಲಿದ್ದ ಸೀತನಿ ಹಾಗೇ ಉಳಿಯಿತು ಅವನಿಗೆ.

ಬೀಸುಕಲ್ಲಿನ ಸವಾಲು ನನ್ನ ಗುರು, ಮುದ್ದೇಬಿಹಾಳದ ಶ್ರೀಶೈಲಪ್ಪನವರು ಕಟ್ಟಿದ್ದು. ಮೇಲಿನ ಕಲ್ಲು ಗಂಡು, ಕೆಳಗಿನದು ಹೆಣ್ಣು.

ಮ್ಯಾಲಿನ ಕಲ್ಲ ತಿರಗಿದರ ಹಿಟ್ಟ ಬೀಳತೈತಿ ಕೇಳ
ಕೆಳಗಿನ ಕಲ್ಲ ಕುಂತಲ್ಲೆ ಕುಂತ ಗಳಿಸಿದ್ದೇನ ಹೇಳ

ಗುರುಗಳು ಹಾಡುತ್ತಿದ್ದ ಕಾಲದಲ್ಲಿ ಎಂಥೆಂಥ ನಾಗೇಶಿಯವರು ಇದಕ್ಕೆ ತಡವರಿಸಿದ್ದರು. ಸುವರ್ಣಾ ಬಂದಳು. ಇಂಡಿಯಲ್ಲಿ ನಮ್ಮ ಮೊದಲ ಹಾಡಕಿ. ಆಗಿನ್ನೂ ಎಳೆಯ ಹುಡುಗಿ, ಕಂಕುಳಲ್ಲಿ ಕೂಸು. ಕೂಸನ್ನು ಹಿಮ್ಮೇಳದವರ ಕೈಗೆ ಕೊಟ್ಟು ಎದ್ದು ನಿಂತಳು.

ನಡುವಿನ ಗೂಟ ಯಾರ ಎದ್ಯಾಗ ನಟ್ಟೈತಿ ನೋಡೋ ಜಾಣ
ಗೂಟ ಬಿಟ್ಟ ನೀ ತಿರಗಿದರ ಗಟಾರ ಸೇರತಿ ಕಾಣ

ಜನ ಬಿದ್ದು ಬಿದ್ದು ನಕ್ಕರು. ಇಂಡಿ ಕಡೆ ನನ್ನನ್ನು ಈಗಲೂ 'ಗಟಾರ ಮಾಸ್ತರ' ಅನ್ನುವವರಿದ್ದಾರೆ. ಗೂಟ ಕೆಳಗಿನ ಕಲ್ಲಿನಲ್ಲೇ ಇರುವುದು, ಸುಳ್ಳು ಅನ್ನಲಾಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಆ ಸವಾಲು ಹಾಕುವುದು, ಅವಳು ಆ ಜವಾಬು ಕೊಡುವುದು, ನಾನು ಬೇರೆ ಹಾಡಿಗೆ ಜಾರುವುದು. ಮೊನ್ನೆ ಅಟ್ಟದಲ್ಲಿದ್ದ ಅಜ್ಜಿಯ ಬೀಸುಕಲ್ಲು ಇಳಿಸಿ ಸುಮ್ಮನೆ ನೋಡುತ್ತ ಕೂತಿದ್ದೆ. ಎದುರಿಗೇ ಇತ್ತು!

ಗೂಟ ನಿನ್ನದ ಇರಲಿ ನಾಗೇಶಿ ನೀ ಉಣ್ಣೂದ ಹ್ಯಾಂಗ
ಕಾಳ ಹಾಕು ಬಾಯಿ ಐತಿ ಮ್ಯಾಲಿನ ಕಲ್ಲಿನ್ಯಾಗ

ಜಾಹಿದ ತೊಡೆ ತಟ್ಟಿದ. "ಮಾಸ್ತರ, ಈ ಸಲ ಆಕಿ ಖಲ್ಲಾಸ್." ಫೆಬ್ರವರಿ ಎರಡು ಯಾವಾಗ ಬರುತ್ತದೋ.

೧೯ ಜನವರಿ, ರವಿವಾರ

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಸುವರ್ಣಾ ಸಿಕ್ಕರು. (ಹಾಡುವಾಗ ಅವಳು, ಬಸ್ ಸ್ಟ್ಯಾಂಡಿನಲ್ಲಿ ಅವರು. ಅವರೂ ಹಾಗೇ — ಹಾಡಕಿಯಲ್ಲಿ 'ಲೇ ಹರದೇಶಿ', ಕೆಳಗಿಳಿದರೆ 'ಮಾಸ್ತರ, ಚಾ ಕುಡದ್ರೇನ್ರಿ?') ಇಂಡಿ ತಾಲೂಕಿನ ಒಂದು ಪಂಚಾಯತಿ ಲೈಬ್ರರಿ ನೋಡಿಕೊಳ್ಳುತ್ತಾರೆ. ಕೈಯಲ್ಲಿ ಸೀರೆ ಅಂಗಡಿಯ ಚೀಲ. ಮಗಳು ದಾನೇಶ್ವರಿಯ ಲಗ್ನ ಗಟ್ಟಿಯಾಗಿದೆ. ಹುಡುಗ ಅನಿಲ, ಬಸವನ ಬಾಗೇವಾಡಿ, ಕಿರಾಣಿ ಹೋಲ್‌ಸೇಲ್ ಮನೆತನ. ಹುಡುಗ ಹುಡುಗಿ ತಾವೇ ಮೆಚ್ಚಿಕೊಂಡದ್ದು. ಅಂದು ಹಿಮ್ಮೇಳದವರ ಮಡಿಲಲ್ಲಿದ್ದ ಕೂಸು ಇವಳೇ!

"ಹಿಪ್ಪರಗಿಗಿ ತಯಾರಿ ಹ್ಯಾಂಗ ನಡದೈತ್ರಿ?" ಕೇಳಿದೆ. ನನ್ನ ಎರಡು ಸಾಲು ಬಾಯಿ ತುದಿಯಲ್ಲೇ ಕುಣಿಯುತ್ತಿದ್ದವು.

"ನಡದೈತ್ರಿ." ಬೇರೆ ಕಡೆ ನೋಡಿದರು. "ಈ ಸಲ ನೀವ ಗೆಲ್ರಿ ಮಾಸ್ತರ."

ಚೇಷ್ಟೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಇಂಡಿ ಬಸ್ಸು ಬಂತು.

೨೭ ಜನವರಿ, ಸೋಮವಾರ

ಜಾಹಿದ ಶಾಲೆಗೇ ಫೋನ್ ಮಾಡಿದ. ಅವನ ತಂಗಿ ಗುಲನಾಜಳ ಮನೆ ಸುವರ್ಣಾ ಮನೆಯ ಪಕ್ಕದಲ್ಲೇ. ಅವಳೇ ಹೇಳಿದ್ದು.

ಅನಿಲನ ಅಪ್ಪನಿಗೆ ಯಾರೋ ಯೂಟ್ಯೂಬ್ ವಿಡಿಯೋ ಕಳಿಸಿದ್ದಾರೆ. 'ಗಂಡಸರ ಬೆವರಿಳಿಸಿದ ಸುವರ್ಣಾ' — ಇಂಥ ಹೆಸರು ಇಡುವವರ ಕೈ ಮುರಿಯಬೇಕು. ನೋಡಿ ಕೂತಲ್ಲಿಂದ ಎದ್ದು ಸುವರ್ಣಾ ಮನೆಗೇ ಬಂದರಂತೆ. "ಮಂದ್ಯಾಗ ನಿಂತು ಗಂಡಸರಿಗಿ ಗಟಾರ ಸೇರತಿ ಅನ್ನಾಕಿ ನಮ್ಮ ಬೀಗತಿ ಆದ್ರ, ನಾವು ಪ್ಯಾಟ್ಯಾಗ ಮಾರಿ ಹ್ಯಾಂಗ ತೋರಸೂದು?" ಹಾಡುವುದು ಬಿಡಬೇಕು. ಹಿಪ್ಪರಗಿಯ ವೀಳ್ಯ ತೆಗೆದುಕೊಂಡಾಗಿದೆ, ಸರಿ, ಹೋಗಲಿ. ಆದರೆ ಅಲ್ಲಿ ಎಲ್ಲರೆದುರಿಗೆ ದಪ್ಪು ಬೋರಲು ಹಾಕಿ ಸೋತು ಬರಬೇಕು. ಸೋತು ಬಿಟ್ಟಳು ಅಂತ ಆಗಲಿ, ನಾವು ಬಿಡಿಸಿದೆವು ಅಂತ ಆಗಬಾರದು. ಸುವರ್ಣಾ ಹೂಂ ಅಂದಿದ್ದಾರೆ. ಮಗಳಿಗೆ ಈ ಮಾತು ಗೊತ್ತಿಲ್ಲ.

ಗಂಡು ದೊಡ್ಡವನು ಎಂದು ನಾನು ಇಷ್ಟು ವರ್ಷ ಅರಚಿದ್ದೇನೆ. ವಿಜಿಯ ತವರಿನವರು ಒಬ್ಬರಾದರೂ ಬಂದು ಕೇಳಿದರೇ? ನಾನು ಹಾಡಿದರೆ ಅದು ಹಾಡು. ಅವಳು ಹಾಡಿದರೆ ಅವಳ ನಾಲಗೆ ಉದ್ದ.

ಖರೆ ಹೇಳಬೇಕೆಂದರೆ, ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ಆ ಹುಡುಗಿಯ ಲಗ್ನ ಅಲ್ಲ. ನನ್ನ ಎರಡು ಸಾಲು. ಅವಳು ಗೂಟ ಅನ್ನದಿದ್ದರೆ ನಾನು ಬಾಯಿ ಅನ್ನುವುದು ಎಲ್ಲಿ? ಇಷ್ಟು ವರ್ಷ ಕಾದು ಕಟ್ಟಿದ್ದು ಹಾಡಲು ಜಾಗವೇ ಇಲ್ಲ.

೩೦ ಜನವರಿ, ಗುರುವಾರ

ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಏಳರ ಮಗ್ಗಿ ಹೇಳಿಸುತ್ತ ಎಂಟರದಕ್ಕೆ ಹೋದೆ, ಮಕ್ಕಳೇ ತಿದ್ದಿದರು.

ಬೀಸುಕಲ್ಲಿನ ಸವಾಲು ಹಾಕಲೇ ಬಾರದೇ? ಹಾಕದಿದ್ದರೆ ಜನ ಬಿಡುವುದಿಲ್ಲ, ಕೂಗಿ ಕೇಳುತ್ತಾರೆ. ಹಾಕಿದರೆ ಅವರು ಸುಮ್ಮನೆ ಕೂಡುತ್ತಾರೆ, ನಾನು ಗೆಲ್ಲುತ್ತೇನೆ. ಭಿಕ್ಷೆ ಹಾಕಿದ ಗೆಲುವು. ಜ್ವರ ಅಂತ ಹೇಳಿ ಹೋಗದೇ ಇರಲೇ...

ವಿಜಿ ಕೇಳಿದಳು: "ಆಕಿನ್ನ ಮಾತಾಡಿಸೀರೇನು?"

"ಏನಂತ ಮಾತಾಡಿಸಲಿ?"

"ಏನ್ ಮಾಡಬೇಕಂತ ಮಾಡೀರಿ ಅಂತ."

ಅದೆಲ್ಲ ಸರಿ ಬರುವುದಿಲ್ಲ ಅಂದೆ.

೨ ಫೆಬ್ರವರಿ, ರವಿವಾರ, ಸಂಜೆ

ಈಗಲೇ ಬರೆದುಬಿಡುತ್ತೇನೆ.

ಜನ ಬಹಳ. ಮೂರನೇ ಸಾಲಿನ ಖುರ್ಚಿಯಲ್ಲಿ ಅನಿಲನ ಅಪ್ಪ, ಬಿಳಿ ಟೊಪ್ಪಿಗೆ, ಮೊಬೈಲ್ ಎತ್ತಿ ಹಿಡಿದು. ಮೊದಲು ಸಣ್ಣಪುಟ್ಟ ಸವಾಲು ಹಾಕಿದೆ. ಅವಳು ಕೊಟ್ಟಳು — ಉಪ್ಪಿಲ್ಲದ ಜವಾಬು. ಜನ ಕೂಗಲು ಶುರು ಮಾಡಿದರು. "ಬೀಸುಕಲ್ಲ ಹಾಡ್ರಿ ಮಾಸ್ತರ! ಬೀಸುಕಲ್ಲ!"

ಹಾಡಿದೆ. ಹಾಡದೆ ಏನು ಮಾಡಲಿ.

ನಾನು ನಿಲ್ಲಿಸಿದ ಮೇಲೆ ಅವಳ ಹಿಮ್ಮೇಳದವರು ತಾಳ ಹಿಡಿದು ಅವಳ ಬಾಯನ್ನೇ ನೋಡಿದರು. ಸುವರ್ಣಾ ದಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದಿಷ್ಟು ಹೊತ್ತು ಸವರಿದಳು. ಆಮೇಲೆ ಬೋರಲು ಹಾಕಿದಳು. ಯಾರೋ ಒಬ್ಬ ಸೀಟಿ ಹೊಡೆದ. ಯಾರಿಗೂ ನಂಬಿಕೆ ಬರಲಿಲ್ಲ. ಆ ಸಾಲು ಅಲ್ಲಿದ್ದ ಅರ್ಧ ಮಂದಿಗೆ ಬಾಯಿಪಾಠ ಇತ್ತು!

ತಡೆಯಲಾಗಲಿಲ್ಲ. ಎದ್ದು ನಿಂತೆ. ಗೂಟದ ಸಾಲು ನನ್ನ ಬಾಯಿಂದ ಬಂತು. 'ನಡುವಿನ ಗೂಟ ಯಾರ ಎದ್ಯಾಗ...' ಅವಳ ಧಾಟಿ, ಅವಳ ಏರು, ಎಲ್ಲ. ಜಾಹಿದನ ಕೈ ನಿಂತೇ ಹೋಯಿತು, ಮತ್ತೆ ಹೇಗೋ ಹಿಡಿದ. ಹರದೇಶಿಯವನು ನಾಗೇಶಿಯ ಜವಾಬು ಹಾಡಿದ್ದು ಈ ಸೀಮೆಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಜನ ಖುರ್ಚಿ ಬಿಟ್ಟು ಎದ್ದರು. ಚಪ್ಪಾಳೆ, ಸೀಟಿ, ಕೊರಳಿಗೆ ಹಾರ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಬಂದು ನನಗೆ ದೃಷ್ಟಿ ತೆಗೆದಳು. ಅನಿಲನ ಅಪ್ಪನೂ ಚಪ್ಪಾಳೆ ಹೊಡೆಯುತ್ತಿದ್ದರು. ನಗುತ್ತಿದ್ದರು.

ಸುವರ್ಣಾ ತಲೆ ಎತ್ತಲಿಲ್ಲ. ಅವಳ ಪಾರ್ಟಿಯವರು ಯಾವಾಗ ಟಂಟಂ ಗಾಡಿ ಹತ್ತಿ ಹೋದರೋ ಗೊತ್ತಾಗಲಿಲ್ಲ.

೩ ಫೆಬ್ರವರಿ, ಸೋಮವಾರ

ಮುದ್ದೇಬಿಹಾಳದಿಂದ ಗುರುಗಳ ಫೋನು. ಉಸಿರಿಗೂ ಮಾತಿಗೂ ಜಗಳ ಅವರಿಗೆ ಈಗ.

"ಕಡೆ ಬಿಟ್ಟೆಲ್ಲೋ."

"ತಪ್ಪಾತ್ರಿ ಅಜ್ಜಾರ."

"ಇನ್ನ ಮ್ಯಾಲೆ ಸಭಾದಾಗ ನನ್ನ ಹೆಸರ ತಗೀಬ್ಯಾಡ."

ಇಟ್ಟುಬಿಟ್ಟರು. ಅತ್ತುಬಿಟ್ಟೆ. ಇದರಲ್ಲಿ ಮುಚ್ಚಿಡುವುದೇನಿದೆ.

೭ ಫೆಬ್ರವರಿ, ಶುಕ್ರವಾರ

ವಿಡಿಯೋ ಎಲ್ಲರ ಮೊಬೈಲಿನಲ್ಲೂ. 'ಹೆಣ್ಣಿಗಾಗಿ ಸೋತ ಹರದೇಶಿ ಮಾಸ್ತರ'. ಬ್ಯಾಂಕಿನಲ್ಲಿ ಮ್ಯಾನೇಜರ್ ಎದ್ದು ಕೈ ಕುಲುಕಿದರು. ತುಮಕೂರಿನ ಮೇಡಂ "ಸಾರಿ ಸರ್, ನಾನು ತಪ್ಪು ತಿಳ್ಕೊಂಡಿದ್ದೆ" ಅಂದರು. ಬಸವನ ಬಾಗೇವಾಡಿಯ ಒಂದು ಕಾಲೇಜಿನಿಂದ ಪ್ರಿನ್ಸಿಪಾಲರು ಕರೆದಿದ್ದಾರೆ. ವಿಶೇಷ ಉಪನ್ಯಾಸ, ಸನ್ಮಾನ. ವಿಷಯ: 'ಸಮಾಜ ಮತ್ತು ಸಂಸ್ಕೃತಿಯಲ್ಲಿ ಕಲೆಯ ಮಹತ್ವ'. ನನ್ನಂಥ ಪ್ರೈಮರಿ ಮಾಸ್ತರನಿಗೆ!

ಗುರುಗಳ ಸಂಕಟ ಒಂದು ಕಡೆ. ಇನ್ನೊಂದು ಕಡೆ ಎದೆ ಉಬ್ಬಿದ್ದೂ ಹೌದು. ಎರಡು ಪುಟ ಬರೆದೆ — ಕಲೆ ಸಮಾಜದ ಕನ್ನಡಿ, ಕಲೆ ಸಂಸ್ಕೃತಿಯ ಉಸಿರು... ಓದಿದರೆ ಎಂಟನೇ ಈಯತ್ತೆಯ ನಿಬಂಧ. ಹರಿದೆ.

೧೧ ಫೆಬ್ರವರಿ, ಮಂಗಳವಾರ

ಇಂದು ಮಧ್ಯಾಹ್ನ ಮಕ್ಕಳು ಬಿಸಿಯೂಟಕ್ಕೆ ಕೂತಿದ್ದಾಗ ಸುವರ್ಣಾ ಶಾಲೆಗೆ ಬಂದರು. ಬೇವಿನ ಮರದ ಕೆಳಗೆ ನಿಂತರು. ಬರ್ರಿ, ಕೂಡ್ರಿ ಅಂದೆ. ಕೂಡಲಿಲ್ಲ.

"ನೀ ಯಾಕ ಹಾಡಿದಿ?"

ನೀ! ಇಷ್ಟು ವರ್ಷದಲ್ಲಿ ಹಾಡಕಿಯ ಹೊರಗೆ ಮೊದಲ ಸಲ.

"ನಿಮ್ಮ ಸಲುವಾಗಿ..."

"ನಾ ಕೇಳಿದ್ನೇನು?"

"ನಿಮಗ ಜವಾಬ ಗೊತ್ತಿತ್ತು. ನೀವು ಸುಮ್ಮ ಕುಂತದ್ದು ನೋಡಾಕ ಆಗಲಿಲ್ಲ..."

"ಸುಮ್ಮ ಕುಂದ್ರಬೇಕಂತ ನಾ ಠರಾವ್ ಮಾಡಿದ್ದೆ. ನನ್ನ ಮಗಳ ಸಲುವಾಗಿ. ಸರಿ ಇರಲಿ, ತಪ್ಪ ಇರಲಿ, ಅದು ನಂದು. ಎದಿ ಮ್ಯಾಲೆ ಕಲ್ಲ ಇಟ್ಟಕೊಂಡ ದಪ್ಪ ಬೋರಲ ಹಾಕಿದ್ದೆ. ನೀ ಎದ್ದ ನಿಂತಿ. ಈಗ ಮಂದಿ ಏನಂತಾರ ಗೊತ್ತೈತೇನು? ಸುವರ್ಣಾಗ ಬರಲಿಲ್ಲ, ಮಾಸ್ತರ ಹೇಳಿಕೊಟ್ಟರು. ನಾ ಕಟ್ಟಿದ ಸಾಲ ನನಗ ನೀ ಹೇಳಿಕೊಟ್ಟಿ!"

ಊಟಕ್ಕೆ ಕೂತ ಮಕ್ಕಳು ಇತ್ತ ತಿರುಗಿದ್ದು ನೋಡಿ ಸುವರ್ಣಾ ದನಿ ತಗ್ಗಿಸಿದರು.

"ನಮ್ಮ ಬೀಗರ ಮೊಬೈಲದಾಗ ಈಗ ನಿಂದ ವಿಡಿಯೋ. ಬಂದವರಿಗೆಲ್ಲ ತೋರಸಾಕತ್ತಾರ. ಎಂಥಾ ಮಾತು, ಎಂಥಾ ಮಾತು ಅಂತ. ಅದ ಮಾತ ಕೇಳಿ ನನ್ನ ಬಾಯಿಗಿ ಬೀಗ ಹಾಕಿದ ಮನಷ್ಯಾ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟುಹೋದರು. ಒಂದು ವಾರ ಕೊರಳಲ್ಲಿ ಹಾರ ಹಾಕಿಕೊಂಡು ತಿರುಗಿದ ಹಾಗೆ ತಿರುಗಿದ್ದೇನೆ ನಾನು. ಯಾರ ಹಾರ ಅದು? ಮಧ್ಯಾಹ್ನದ ಪಾಠ ಏನು ಮಾಡಿದೆನೋ ನೆನಪಿಲ್ಲ.

೧೩ ಫೆಬ್ರವರಿ, ಗುರುವಾರ

ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಉಪನ್ಯಾಸ ಒಲ್ಲೆ, ಸನ್ಮಾನ ಒಲ್ಲೆ. ಹಾಡಕಿ ಇಡಿಸಿರಿ, ಎರಡೂ ಪಾರ್ಟಿ. ಅವರು ಎಳೆದಾಡಿದರು. "ಅರ್ಧ ತಾಸು ಸಾಕ್ರಿ ಸರ್, ಡೀಸೆಂಟ್ ಆಗಿ ಇರಲಿ. ಊರ ಗಣ್ಯರೆಲ್ಲ ಬರ್ತಾರ." ಆಯಿತು ಅಂದೆ.

ಈ ಸಲ ಕೇಳಿಯೇ ಮುಂದಿನದು. ಸುವರ್ಣಾಗೆ ಫೋನ್ ಹಚ್ಚಿದೆ. ದಾನೇಶ್ವರಿ ಎತ್ತಿದಳು.

"ಕಾಕಾರ, ಕರಾರಿನ ವಿಷಯ ನನಗ ಮೊನ್ನೆ ತಿಳೀತ್ರಿ. ಅವ್ವ ಸೋತಾಳಂದ್ರ ನಾ ನಂಬಲಿಲ್ಲ. ಜಗಳಾಡಿ ಬಾಯಿ ಬಿಡಿಸಿದೆ."

"ಈಗೇನ್ ಮಾಡೂದವ್ವಾ? ಅವರದ ಊರು, ಅವರೂ ಬಂದಿರ್ತಾರ. ನಿನ್ನ ಲಗ್ನ..."

"ಲಗ್ನ ನಂದ್ರಿ. ಅನಿಲಗೂ ಹೇಳೇನಿ. ಅದನ್ನ ನಾವಿಬ್ಬರು ನೋಡ್ಕೋತೇವಿ. ಅವ್ವಗ ಫೋನ್ ಕೊಡ್ತೇನಿ, ನೀವ ಕೇಳ್ರಿ."

ಫೋನ್ ಕೈ ಬದಲಾಯಿತು. ಬರ್ತೀರೇನ್ರಿ ಅಂತ ಕೇಳಿದೆ. "ಮೊದಲನೇ ಸವಾಲ ನಂದು" ಅಂದರು.

೨೨ ಫೆಬ್ರವರಿ, ಶನಿವಾರ, ಸಂಜೆ

ಬಾಗೇವಾಡಿಯಿಂದ ಈಗ ಬಂದೆ.

ಕಾಲೇಜಿನ ಹಾಲ್, ಫ್ಯಾನು, ಹಿಂದೆ ಬ್ಯಾನರ್. ಮುಂದಿನ ಸಾಲಿನಲ್ಲಿ ಗಣ್ಯರು. ಅನಿಲನ ಅಪ್ಪ, ಪಕ್ಕದಲ್ಲಿ ಅನಿಲ. ಸ್ವಾಗತ, ಪ್ರಾಸ್ತಾವಿಕ, ಕಲೆಯ ಮಹತ್ವ ಕುರಿತು ಪ್ರಿನ್ಸಿಪಾಲರ ನಾಲ್ಕು ಮಾತು. ನಾಲ್ಕು ಅಂದರೆ ಅರ್ಧ ತಾಸು. ಆಮೇಲೆ ಸುವರ್ಣಾ ಎದ್ದಳು. ದೇವರ ಪದ ಆದಮೇಲೆ ನನ್ನ ಕಡೆ ತಿರುಗಿದಳು.

ನನ್ನ ಬಾಯಾಗ ಇದ್ದ ಮಾತ ಕಹಿ ಬೇವಿನಕಾಯಿ
ಅದ ಮಾತ ಸಕ್ಕರಿ ಆತ ಹಾಡಿದಾಗ ನಿನ್ನ ಬಾಯಿ
ಒಂದ ಮಾತಿಗಿ ಎರಡ ರುಚಿ ಬಂದದ್ದೆಲ್ಲಿಂದ ಹೇಳೋ ಹರದೇಶಿ

ಎರಡನೇ ಸಲ ಹಾಡುವಾಗ ನನ್ನ ಕಡೆ ನೋಡಲಿಲ್ಲ. ಮುಂದಿನ ಸಾಲಿನ ಕಡೆ ನೋಡಿದಳು. ಹಿಂದೆ ಕೂತಿದ್ದ ಹುಡುಗಿಯರು ಮೊದಲು ಚಪ್ಪಾಳೆ ಶುರು ಮಾಡಿದರು, ತಾಳಕ್ಕೆ ಸರಿಯಾಗಿ. ಅನಿಲನ ಅಪ್ಪ ಎದ್ದರು. ಬಾಗಿಲ ತನಕ ಹೋಗಿ ತಿರುಗಿ ಮಗನನ್ನು ನೋಡಿದರು. ಅನಿಲ ಏಳಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಆದರೆ ಏಳಲಿಲ್ಲ. ಲಗ್ನ ಏನಾಗುತ್ತದೋ ನನಗೆ ಗೊತ್ತಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮುರಿದರೂ ಮುರಿಯಬಹುದು ಅಂತ ಗೊತ್ತಿದ್ದೇ ಅವಳು ಹಾಡಿದಳು.

ಎಲ್ಲರೂ ನನ್ನ ಕಡೆ ನೋಡಿದರು. ಹಳೆಯ ಪದಗಳನ್ನೆಲ್ಲ ತಲೆಯಲ್ಲಿ ತಿರುವಿ ಹಾಕಿದೆ. ಶಿವ, ಪಾರ್ವತಿ, ಅರ್ಧನಾರಿ — ಯಾವುದೂ ಕೂಡಿಬರಲಿಲ್ಲ. ದಪ್ಪು ತೆಗೆದು ಬೋರಲು ಹಾಕಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ನಾಚಿಕೆ ಆಯಿತು, ಜೊತೆಗೇ ಬಹಳ ಸಂತೋಷವೂ ಆಯಿತು. ಎದುರ ಪಾರ್ಟಿ ಎದುರಿಗೇ ಇತ್ತು.

ಇಳಿದ ಮೇಲೆ ಹೋಗಿ ಕೈ ಮುಗಿದೆ. "ಮುದ್ದೇಬಿಹಾಳದಾಗ ಮುಂದಿನ ತಿಂಗಳ ಹಾಡಕಿ ಐತಿ. ಅಲ್ಲಿ ತನಕ ವಾಯಿದೆ ಕೊಟ್ಟೇನಿ. ಜವಾಬ ಹುಡುಕ್ರಿ ಮಾಸ್ತರ," ಅಂದರು. ಮತ್ತೆ ರೀ ಬಂತು.

೨ ಮಾರ್ಚ್, ರವಿವಾರ

ಏನೂ ಇಲ್ಲ. 'ಮಾತಿನ ರುಚಿ ಕೇಳುವ ಕಿವಿಯಲ್ಲಿದೆ' ಅಂತ ಕಟ್ಟಿದೆ. ಜಾರಿಕೊಳ್ಳುವ ಜವಾಬು, ಅವಳು ಒಂದೇ ಏಟಿಗೆ ಒಗೆಯುತ್ತಾಳೆ. ಹೊಡೆದುಹಾಕಿದೆ.

೯ ಮಾರ್ಚ್, ರವಿವಾರ

ಗುರುಗಳು ಜಾಹಿದನ ಫೋನಿಗೆ ಮಾಡಿದ್ದರಂತೆ. ನನ್ನ ಜೊತೆ ಮಾತಿಲ್ಲ. "ಜವಾಬ ಸಿಕ್ತೇನು ಅವಗ?" ಅಂತ ಅಷ್ಟೇ ಕೇಳಿದರಂತೆ. ಇಲ್ಲ ಅಂದದ್ದಕ್ಕೆ, "ನನಗೂ ಸಿಗವಲ್ಲದು" ಅಂದರಂತೆ.

೧೬ ಮಾರ್ಚ್, ರವಿವಾರ, ಬೆಳಿಗ್ಗೆ

ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ವಿಜಿ ರೊಟ್ಟಿ ಬಡಿಯುತ್ತಿದ್ದಾಳೆ. ಇನ್ನೊಂದು ಜವಾಬು ಕಟ್ಟಿದ್ದೆ, ಗಟ್ಟಿಯಾಗಿ ಹಾಡಿದೆ. ಅವಳು ತಲೆ ಎತ್ತದೆ, "ಅದಲ್ಲ," ಅಂದಳು.

"ಮತ್ತ ಯಾವುದು? ನಿನಗೇನ್ ಗೊತ್ತು?"

"ಒಂದ ಮಾತ ಎರಡ ರುಚಿ ಆಗೂದು ಈ ಮನ್ಯಾಗೂ ಐತಿ. ನಾ ನೋಡೇನಿ."

ಪೆನ್ನು ನಿಂತಿತು. ಲಗ್ನ ಆದಾಗಿನಿಂದ ನನ್ನ ಎಲ್ಲ ಸವಾಲೂ ಈ ಗೋಡೆಗಳೇ ಮೊದಲು ಕೇಳಿದ್ದು. ಒಂದು ಸಲವೂ ಅವಳನ್ನು ಏನನ್ನಿಸಿತು ಅಂತ ಕೇಳಿಲ್ಲ.

"ಹೇಳು," ಅಂದೆ.

"ಖರೇನ ಕೇಳಾಕತ್ತೀರೇನು?"

"ಖರೇನ."

"ನಡುವ ಬಾಯಿ ಹಾಕಬಾರದು. ಹಾಂಗಲ್ಲ, ಹೀಂಗಲ್ಲ ಅನಬಾರದು."

ಹೂಂ ಅಂದೆ. ಕಡೆಯ ರೊಟ್ಟಿ ಹೆಂಚಿನ ಮೇಲಿದೆ. ಕೈ ತೊಳೆದುಕೊಳ್ಳುತ್ತಿದ್ದಾಳೆ. ಸೆರಗಿಗೆ ಒರೆಸಿಕೊಂಡು ಎದುರಿಗೆ ಬಂದು ಕೂತಳು. ಇನ್ನು ಬರೆಯುವುದು ಆಮೇಲೆ, ಮೊದಲು ಕೇಳುವುದು.